ಲೆಕ್ಕಕ್ಕಿಲ್ಲದ ಕೋಸಂಬರಿ

ನನ್ನ ಗಂಡನಿಗೆ ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದವಳು ಅವರ ಅಕ್ಕ ಹೊಂಬಾಳಮ್ಮ. ರಕ್ತದ ಗುಂಪು ಹೊಂದಿತು, ಇನ್ನೇನೇನೋ ಪರೀಕ್ಷೆಗಳೂ ಹೊಂದಿದವು. ಹೊಂದದೆ ಉಳಿದದ್ದು ಹತ್ತು ಕೆ.ಜಿ. ಅತ್ತಿಗೆಯ ತೂಕ ಎಂಬತ್ತೆರಡಿತ್ತು. ಎಪ್ಪತ್ತೆರಡಕ್ಕೆ ಇಳಿಯುವ ತನಕ ಆಪರೇಷನ್ ಮಾಡುವ ಮಾತೇ ಇಲ್ಲ ಅಂತ ಮೈಸೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಕೊಡುವವರ ಜೀವವೂ ನಮಗೆ ಮುಖ್ಯ ಅಂದರು. ನಾಲ್ಕು ತಿಂಗಳು ಟೈಮು ಕೊಟ್ಟರು.

ಅತ್ತಿಗೆ ನನಗಿಂತ ಹತ್ತು ವರ್ಷ ದೊಡ್ಡವಳು. ಆದರೂ 'ಅವಳು' ಅಂತಲೇ ಬರೆಯುತ್ತಿದ್ದೇನೆ. ನಮ್ಮ ಕಡೆ ಅತ್ತಿಗೆಯನ್ನು ಬಹುವಚನದಲ್ಲಿ ಮಾತಾಡಿಸಿದರೆ, ಇವರಿಬ್ಬರಿಗೂ ಏನೋ ಜಗಳವಾಗಿದೆ ಅಂದುಕೊಳ್ಳುತ್ತಾರೆ.

ನನ್ನ ಗಂಡ ನಾಗರಾಜು ಶಿವನಸಮುದ್ರದ ಪವರ್ ಸ್ಟೇಷನ್ನಿನಲ್ಲಿ ಆಪರೇಟರು. ಮೊದಲು ಅಲ್ಲೇ ಬ್ಲಫ್ ಅನ್ನುವ ಕಡೆ ಕ್ವಾರ್ಟರ್ಸಿನಲ್ಲಿದ್ದೆವು, ಆಮೇಲೆ ಮಳವಳ್ಳಿಯಲ್ಲಿ ಮನೆ ಕಟ್ಟಿಕೊಂಡೆವು. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಮಂಡ್ಯಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದರು. ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗದ್ದೆ ನೋಡುತ್ತಿದ್ದರು, ಬರುವಾಗ ನನ್ನ ಹೆಗಲ ಮೇಲೆ ತಲೆ ಇಟ್ಟಿರುತ್ತಿದ್ದರು. ನನ್ನ ಕಿಡ್ನಿ ಅವರಿಗೆ ಹೊಂದಲಿಲ್ಲ. ಮಗಳು ಅರ್ಪಿತ ನಾನು ಕೊಡ್ತೀನಿ ಅಂದಾಗ, ಇನ್ನೊಂದು ಸಲ ಆ ಮಾತು ಆಡಿದರೆ ಆಸ್ಪತ್ರೆಗೇ ಹೋಗುವುದಿಲ್ಲ ಅಂತ ಸಿಡುಕಿದರು. ಹತ್ತೊಂಬತ್ತು ವರ್ಷದ ಹುಡುಗಿ. ನನಗೂ ಮನಸ್ಸಿರಲಿಲ್ಲ. ಉಳಿದವಳು ಅತ್ತಿಗೆ ಒಬ್ಬಳೇ.

ಕೇಳಲು ಹೋದಾಗ ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಮದ್ದೂರಿನ ಹತ್ತಿರದ ಅವಳ ಊರಿನಲ್ಲಿ, ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಎಲ್ಡ್ ಐತಲ್ಲ, ಒಂದ್ ಅವ್ನ್ ಮಡಿಕಳ್ಳಿ ಬುಡು. ಎತ್ತಿ ಆಡ್ಸಿದ್ ತಮ್ಮ ಕಣಮ್ಮಿ ಅವ್ನು" ಅಂದಳು.

ಅವಳ ಗಂಡ ಜವರಯ್ಯ ಸ್ವಲ್ಪ ಗೊಣಗಿದ. ಅವನನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದಳು.

ಮೈಸೂರಿನ ಆಸ್ಪತ್ರೆಯಲ್ಲಿ ಪಥ್ಯ ಹೇಳುವುದಕ್ಕೆ ಒಬ್ಬಳು ಹುಡುಗಿ ಇದ್ದಳು. ಒಂದು ಹಾಳೆ ಕೊಟ್ಟಳು. ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಊಟದ ಬದಲು ಸಲಾಡ್. ಸಲಾಡ್ ಅನ್ನುವುದರ ಮುಂದೆ 'ಸಾಕಷ್ಟು' ಅಂತ ಬರೆದಿತ್ತು. ಊರಿನಲ್ಲಿದ್ದರೆ ಆಳುಕಾಳುಗಳಿಗೆ ಬೇಯಿಸುತ್ತಾ ಅತ್ತಿಗೆಯ ಪಥ್ಯ ಕೆಡುತ್ತದೆ ಅಂತ, ದೀಪಾವಳಿ ಕಳೆದ ಮಾರನೆಯ ದಿನವೇ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ನಾನೇ ನಿಂತು ಮಾಡಿ ಹಾಕುತ್ತೇನೆ ಅಂದೆ. ಈ ಮಾತು ಯಾರೂ ನನ್ನ ಬಾಯಿಗೆ ತುರುಕಿದ್ದಲ್ಲ.

ಮೊದಲ ದಿನ ಸಂಜೆ ಸೌತೆಕಾಯಿ, ಕ್ಯಾರೆಟ್ಟು, ಎಲೆಕೋಸು ಹೆಚ್ಚಿ, ಉಪ್ಪು ನಿಂಬೆಹುಳಿ ಹಾಕಿ ಮುಂದಿಟ್ಟೆ. ಅತ್ತಿಗೆ ಬಟ್ಟಲನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ಅಲ್ಲ ಕಣಮ್ಮಿ ಸಿವ್ನಂಜಿ, ಇದು ದನಕ್ ಆಕಾದಲ್ವಾ?"

ಎಲ್ಲರೂ ನಕ್ಕೆವು. ಅವರೂ ನಕ್ಕರು, ತುಂಬಾ ದಿನದ ಮೇಲೆ ನಕ್ಕಿದ್ದರು. ಅತ್ತಿಗೆ ತಮ್ಮನ ಮುಖ ನೋಡಿಕೊಂಡೇ ಬಟ್ಟಲು ಖಾಲಿ ಮಾಡಿದಳು.

ಆದರೆ ನನಗೆ ಸಮಾಧಾನವಾಗಲಿಲ್ಲ. ಹೊಲದಲ್ಲಿ ಗೇದು ಬೆಳೆದ ಮೈ ಅದು, ಬರೀ ಸೊಪ್ಪು ತಿಂದರೆ ಸೊರಗಿ ಹೋಗುತ್ತದೆ. ಅವಳು ಸೊರಗಿದರೆ ಕಿಡ್ನಿಯೂ ಸೊರಗುವುದಿಲ್ಲವೇ? ಸೊರಗಿದ ಕಿಡ್ನಿ ಅವರ ಮೈಯಲ್ಲಿ ಎಷ್ಟು ದಿನ ಬಾಳೀತು? ಯಾರನ್ನೂ ಕೇಳಲಿಲ್ಲ, ನನಗೆ ನಾನೇ ಡಾಕ್ಟರಾದೆ. ಮಾರನೆಯ ದಿನದಿಂದ ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡತೊಡಗಿದೆ. ಕೋಸಂಬರಿಯೂ ಸಲಾಡೇ ತಾನೆ? ಅರ್ಧ ತೆಂಗಿನಕಾಯಿ ತುರಿದು ಹಾಕಿದೆ, ಹುರಿದ ಕಡಲೆಕಾಯಿ ಬೀಜ ಎರಡು ಹಿಡಿ ಹಾಕಿದೆ, ಎಣ್ಣೆಯ ಬದಲು ತುಪ್ಪದಲ್ಲಿ ಒಗ್ಗರಣೆ ಕೊಟ್ಟೆ. ಆಮೇಲೆ ಒಂದೊಂದಾಗಿ ಗೋಡಂಬಿ ಬಂತು, ಖರ್ಜೂರ ಬಂತು, ಕೆನೆಮೊಸರು ಬಂತು. ಸಂಕ್ರಾಂತಿಯಲ್ಲಿ ಬೀರಿ ಮಿಕ್ಕ ಎಳ್ಳುಬೆಲ್ಲವೂ ಅದಕ್ಕೇ ಬಿತ್ತು.

ಅವರಿಗೆ ಇದ್ಯಾವುದನ್ನೂ ಕೊಡುವ ಹಾಗಿರಲಿಲ್ಲ. ತೆಂಗಿನಕಾಯಿ ಬೇಡ, ಕಡಲೆಕಾಯಿ ಬೇಡ, ಖರ್ಜೂರ ಬೇಡ, ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡಬೇಕು. ತರಕಾರಿ ಬೇಯಿಸಿ ನೀರು ಬಸಿದು, ಸಪ್ಪೆ ಮಾಡಿ ಬಡಿಸುತ್ತಿದ್ದೆ. ಗಂಡನಿಗೆ ತಿನ್ನಿಸಲಾಗದ್ದನ್ನೆಲ್ಲ ಅತ್ತಿಗೆಯ ಬಟ್ಟಲಿಗೆ ಹಾಕುತ್ತಿದ್ದೆ. ಅವಳ ಮೂಲಕ ಅದು ಅವರಿಗೇ ಸೇರುತ್ತದೆ ಅಂತ ನಂಬಿದ್ದೆ.

ಅರ್ಪಿತ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಸಲಾಡ್‌ಗೆ ಇಷ್ಟೊಂದು ಯಾರಾದ್ರೂ ಹಾಕ್ತಾರಾ?" ಅಂದಳು.

"ನೀನ್ ಕಾಲೇಜಲ್ಲಿ ಕಲ್ಯೋದ್ ಕಲಿ. ಅಡ್ಗೆಮನೆ ಇಸ್ಯ ನನಗ್ ಬುಡು" ಅಂತ ಗದರಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಊಟ ಅಂದರೆ ಮುದ್ದೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರೆ ಊಟ. ಹಣ್ಣು, ಬೋಂಡ, ಕೋಸಂಬರಿ ಎಷ್ಟೇ ತಿಂದಿದ್ದರೂ, ಯಾರಾದರೂ ಕೇಳಿದರೆ "ಇನ್ನೂ ಊಟ ಆಗಿಲ್ಲ" ಅನ್ನುತ್ತೇವೆ. ಸುಳ್ಳು ಹೇಳುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ. ಮದುವೆಮನೆಯ ಎಲೆಯಲ್ಲಿ ಕೋಸಂಬರಿ ಅನ್ನುವುದು ಅನ್ನ ಬರುವ ತನಕ ನಾಲಿಗೆ ಆಡಿಸುವುದಕ್ಕೆ ಬಡಿಸುವ ಪದಾರ್ಥ. ಅದು ಲೆಕ್ಕಕ್ಕಿಲ್ಲ.

ಪ್ರತಿ ಸೋಮವಾರ ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿನಲ್ಲಿ ತೂಕ ನೋಡಿಸುತ್ತಿದ್ದೆ. ಮೊದಲ ತಿಂಗಳು ಎಂಬತ್ತೊಂದಾಯಿತು. ಎರಡನೆಯ ತಿಂಗಳು ಮತ್ತೆ ಎಂಬತ್ತೆರಡು. ಪಥ್ಯದ ಹುಡುಗಿ ಫೋನ್ ಮಾಡಿ ಅತ್ತಿಗೆಯನ್ನೇ ವಿಚಾರಿಸಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ದಿನಕ್ಕೆ ಎಷ್ಟು ಊಟ ಮಾಡ್ತೀರಮ್ಮ?"

"ಒಂದೇ ಊಟ ಕಣವ್ವ. ಮದ್ಯಾನ ಒಂದ್ ಸಣ್ ಮುದ್ದೆ. ರಾತ್ರೆ ಊಟನೇ ಇಲ್ಲ, ಬರೀ ಕೋಸಂಬ್ರಿ."

"ಕೋಸಂಬರಿ ಒಳ್ಳೇದಮ್ಮ, ತಗೊಳ್ಳಿ. ಆದ್ರೆ ತೂಕ ಯಾಕೆ ಇಳೀತಿಲ್ಲ? ಮಧ್ಯೆ ಏನಾದ್ರೂ ತಿಂತೀರಾ?"

"ಇಲ್ಲ ಕಣವ್ವ, ದೇವ್ರಾಣೆ."

ಆ 'ದೇವ್ರಾಣೆ' ನನ್ನ ಕಿವಿಗೆ ಸರಿ ಬೀಳಲಿಲ್ಲ. ಅವತ್ತಿನಿಂದ ಅವಳನ್ನು ಕಾಯತೊಡಗಿದೆ. ಅಂಗಡಿಗೆ ಹೊರಟರೆ ಜೊತೆಗೆ ನಾನೂ ಹೊರಡುತ್ತಿದ್ದೆ. ಊರಿಗೆ ಹೋಗಿ ಬಂದರೆ ಹತ್ತಿರ ನಿಂತು ಬಾಯಿಯ ವಾಸನೆ ಹಿಡಿಯುತ್ತಿದ್ದೆ, ಮದ್ದೂರಿನಲ್ಲಿ ಬಸ್ಸು ನಿಂತಾಗ ವಡೆ ಗಿಡೆ ತಿಂದಳೋ ಏನೋ ಅಂತ. ಅವಳಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾದರೂ ನನ್ನ ಕೈಯಿಂದ ಕೋಸಂಬರಿಯ ಬಟ್ಟಲು ಇಸಿದುಕೊಂಡು ಕೊನೆಯ ಕಾಳಿನ ತನಕ ತಿನ್ನುತ್ತಿದ್ದಳು. ಅರ್ಧಕ್ಕೇ ಸಾಕಾಗಿ ಮುಖ ಕಿವುಚಿದ್ದನ್ನು ನಾನೇ ಎಷ್ಟೋ ದಿನ ನೋಡಿದ್ದೇನೆ. "ತಿನ್ನು ಅತ್ಗೆ, ಇದೇನ್ ಊಟನಾ?" ಅಂತ ಒತ್ತಾಯ ಮಾಡುತ್ತಿದ್ದವಳೂ ನಾನೇ.

ಸಂಕ್ರಾಂತಿ ಆದ ಮೇಲೆ ಒಂದು ಶನಿವಾರ ಅವಳು ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹರಕೆ ಕಟ್ಟಿಕೊಂಡು ಬಂದಳು. ಸೋಮವಾರ ನೋಡಿದರೆ ಎಂಬತ್ತೆರಡೂವರೆ. ನನಗೆ ತಲೆ ಕೆಟ್ಟಿತು. ಅವಳು ಸ್ನಾನಕ್ಕೆ ಹೋದಾಗ ಅವಳ ಬ್ಯಾಗು ತೆಗೆದು ನೋಡಿದೆ. ಸೀರೆಯ ಮಡಿಕೆಯೊಳಗೆ ಪ್ರಸಾದದ ಪೊಟ್ಟಣವಿತ್ತು. ಎರಡು ಲಾಡು ಇರಬೇಕಾದ ಕಡೆ ಒಂದೇ ಇತ್ತು.

ಅವಳು ತಲೆ ಒರೆಸಿಕೊಳ್ಳುತ್ತಾ ಬರುವುದರೊಳಗೆ ಪೊಟ್ಟಣ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದೆ. ಅವರು ಅಲ್ಲೇ ಮಂಚದ ಮೇಲೆ ಮಲಗಿದ್ದರು.

"ಇದೇನು ಏಳಿ. ಕೊಡಕ್ಕೆ ಇಷ್ಟ ಇಲ್ಲಾಂದ್ರೆ ಬಾಯ್ಬುಟ್ಟು ಏಳ್ಬುಡಿ. ಕದ್ದು ತಿಂದು ನಮ್ಮನ್ಯಾಕ್ ಆಟ ಆಡಿಸ್ತೀರಿ?"

ಏಳಿ, ಬುಡಿ, ಆಡಿಸ್ತೀರಿ. ಬಹುವಚನ ಬಾಯಿಗೆ ಅದಾಗಿಯೇ ಬಂತು. ಅತ್ತಿಗೆಗೆ ಲಾಡಿನ ಮಾತಿಗಿಂತ ಅದೇ ಹೆಚ್ಚು ತಗುಲಿತೇನೋ. ಒದ್ದೆ ಕೂದಲು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು.

"ನಾನ್ ತಿಂದಿಲ್ಲ ಕಣಮ್ಮಿ" ಅಂದಳು. ಆಮೇಲೆ ತಮ್ಮನ ಕಡೆ ತಿರುಗಿ, "ನಾಗ, ನಾನ್ ತಿಂದಿಲ್ಲ ಕಣ್ಲಾ" ಅಂದಳು.

ಅವರು, "ಅಕ್ಕ, ಇಷ್ಟ ಇಲ್ಲಾಂದ್ರೆ ಬುಡು. ಯಾರ್ಗಾದ್ರೂ ಜೀವದ್ ಮ್ಯಾಲೆ ಆಸೆ ಇರ್ತದೆ. ನಾನೇನ್ ಬೇಜಾರ್ ಮಾಡ್ಕೊಳಲ್ಲ" ಅಂದು ಗೋಡೆ ಕಡೆ ಹೊರಳಿದರು.

ಸಂಜೆ ಅರ್ಪಿತ ಕಾಲೇಜಿನಿಂದ ಬಂದವಳು, ಆ ಲಾಡು ತಾನು ತಿಂದದ್ದು, ಅತ್ತೆಯೇ ಕೊಟ್ಟಿದ್ದು ಅಂತ ಅಳುತ್ತಾ ಹೇಳಿದಳು. ನಾನು ಅತ್ತಿಗೆಯ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ಒಂದು ಲಾಡು ಇಲ್ಲದಿದ್ದರೆ ಇನ್ನೊಂದು ಏನೋ ಇರಬೇಕು, ಇಲ್ಲದೆ ತೂಕ ಹೇಗೆ ಏರುತ್ತದೆ ಅಂತಲೇ ನನ್ನ ವಾದ, ಅವರೂ ಅದನ್ನೇ ನಂಬಿದರು. ನನ್ನ ಬುದ್ಧಿಗೆ ಬೆಂಕಿ ಹಾಕ.

ಮಾರನೆಯ ದಿನದಿಂದ ಅತ್ತಿಗೆ ಇಡ್ಲಿಯನ್ನೂ ಬಿಟ್ಟಳು, ಮಧ್ಯಾಹ್ನದ ಆ ಒಂದು ಮುದ್ದೆಯನ್ನೂ ಬಿಟ್ಟಳು. ಊಟವನ್ನೇ ಬಿಟ್ಟಳು. "ಮೂರೊತ್ತೂ ಕೋಸಂಬ್ರಿನೇ ಕೊಡು, ಎಂಗ್ ಇಳಿಯಲ್ಲ ನೋಡ್ತೀನಿ" ಅಂದಳು. ಈಗಲಾದರೂ ಬುದ್ಧಿ ಬಂತಲ್ಲ ಅಂದುಕೊಂಡೆ. ಮೂರು ಹೊತ್ತೂ ಮಾಡಿಕೊಟ್ಟೆ, ಊಟವೇ ಇಲ್ಲವಲ್ಲ ಅಂತ ಇನ್ನೊಂದು ಹಿಡಿ ಕಡಲೆಕಾಯಿ ಬೀಜ ಜಾಸ್ತಿಯೇ ಹಾಕಿದೆ.

ಮಾರ್ಚಿನಲ್ಲಿ ಮೈಸೂರಿಗೆ ಹೋದಾಗ ಅವಳು ಎಂಬತ್ತನಾಲ್ಕು ಕೆ.ಜಿ. ಇದ್ದಳು.

ಡಾಕ್ಟರು ಫೈಲು ಮುಚ್ಚಿ, ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕೋಣ ಅಂದರು. ಅತ್ತಿಗೆಯನ್ನು ರಕ್ತ ಕೊಡಲು ಕಳಿಸಿದರು. ನನ್ನ ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಪಥ್ಯದ ಹುಡುಗಿಯ ಮುಂದೆ ನಾನೊಬ್ಬಳೇ ಕೂತೆ.

"ಮೂರು ಹೊತ್ತೂ ಸಲಾಡಾ? ಬೇರೆ ಏನೂ ಇಲ್ವಾ?" ಅಂತ ಅವಳು ಆಶ್ಚರ್ಯಪಟ್ಟಳು. "ಯಾರು ಮಾಡ್ತೀರಿ ಅದನ್ನ? ಏನೇನು ಹಾಕ್ತೀರಿ?"

ನಾನು ಹೆಮ್ಮೆಯಿಂದಲೇ ಹೇಳಿದೆ. ಹೆಸರುಬೇಳೆ, ಅರ್ಧ ಕಾಯಿ, ಕಡಲೆಕಾಯಿ ಬೀಜ, ತುಪ್ಪ. ಅವಳು ಬರೆದುಕೊಳ್ಳುತ್ತಿದ್ದಳು. ಗೋಡಂಬಿ, ಖರ್ಜೂರ ಅಂದಾಗ ಬರೆಯುವುದನ್ನು ನಿಲ್ಲಿಸಿದಳು. ಕೆನೆಮೊಸರು ಅಂದಾಗ ಪೆನ್ನು ಕೆಳಗಿಟ್ಟಳು.

"ಅಮ್ಮ, ನೀವು ಹೇಳಿದ ಒಂದು ಬಟ್ಟಲು ಎರಡು ಮುದ್ದೆ ಊಟಕ್ಕಿಂತ ಜಾಸ್ತಿ. ತರಕಾರಿ ಇದೆ ಅಂತ ತುಪ್ಪ, ಕಾಯಿ, ಬೀಜ ಎಲ್ಲ ಮಾಯ ಆಗಲ್ಲ. ಅವರು ದಿನಕ್ಕೆ ಆರು ಮುದ್ದೆ ಊಟ ಮಾಡಿದ ಹಾಗೆ." ಆಮೇಲೆ ಮೆಲ್ಲಗೆ ಅಂದಳು: "ನಾನು ಫೋನಲ್ಲೇ ಕೇಳಬೇಕಾಗಿತ್ತು. ಊಟ ಎಷ್ಟು ಅಂತ ಮಾತ್ರ ಕೇಳಿಬಿಟ್ಟೆ."

ನಾನು ಎದ್ದು ಹೊರಗೆ ಬಂದೆ. ಅತ್ತಿಗೆ ಮೊಣಕೈ ಮಡಿಸಿಕೊಂಡು, ಸೂಜಿ ಚುಚ್ಚಿದ ಕಡೆ ಹತ್ತಿ ಒತ್ತಿಕೊಂಡು ಕೂತಿದ್ದಳು. ಬೆಂಚಿನ ಆ ತುದಿಯಲ್ಲಿ ತಮ್ಮ, ಈ ತುದಿಯಲ್ಲಿ ಅಕ್ಕ. ನಡುವೆ ಇಬ್ಬರು ಕೂರುವಷ್ಟು ಜಾಗವಿತ್ತು. ಆಗಲೇ ಹೇಳಬೇಕಿತ್ತು. "ಅತ್ಗೇದ್ ತಪ್ಪಿಲ್ಲ, ಎಲ್ಲಾ ನಾನ್ ಮಾಡಿದ್ದು" ಅಂದಿದ್ದರೆ ಮುಗಿದು ಹೋಗುತ್ತಿತ್ತು. ನಾನು ಅನ್ನಲಿಲ್ಲ. ನಾಚಿಕೆ ಅನ್ನಲೋ, ಸೊಕ್ಕು ಅನ್ನಲೋ! ತೂಕ ಮೊದಲು ಇಳಿಯಲಿ, ಆಪರೇಷನ್ ಆಗಲಿ, ಎಲ್ಲರೂ ಖುಷಿಯಾಗಿರುವಾಗ ನಗುತ್ತಾ ಹೇಳಿದರಾಯಿತು ಅಂದುಕೊಂಡೆ.

ಅವತ್ತಿನಿಂದ ಮುದ್ದೆ ಮತ್ತೆ ಶುರು ಮಾಡಿಸಿದೆ, ಆಸ್ಪತ್ರೆಯವರೇ ಹೇಳಿದರು ಅಂದೆ. ರಾತ್ರಿ ಬರೀ ಸೌತೆಕಾಯಿ, ಕ್ಯಾರೆಟ್ಟು, ಉಪ್ಪು, ನಿಂಬೆಹುಳಿ. ಅತ್ತಿಗೆ ಯಾಕೆ ಅಂತ ಕೇಳಲಿಲ್ಲ. ಎರಡು ಸೋಮವಾರದಲ್ಲಿ ಎರಡೂವರೆ ಕೆ.ಜಿ. ಇಳಿಯಿತು.

"ಆಂಜ್ನೇಯ ಕಣ್ ಬುಟ್ಟ ಕಣಮ್ಮಿ!" ಅಂತ ಕ್ಲಿನಿಕ್ಕಿನಲ್ಲೇ ಕೈ ಮುಗಿದಳು. ಮನೆಗೆ ಓಡೋಡಿ ಬಂದು ತಮ್ಮನ ಮಂಚದ ಹತ್ತಿರ ನಿಂತು, "ಇಳೀತಾ ಅದೆ ಕಣ್ಲಾ" ಅಂದಳು. ಅವರು "ಹೂಂ" ಅಂದರು, ಅಷ್ಟೇ. ಕಣ್ಣು ತೆರೆಯಲಿಲ್ಲ. ಇಷ್ಟು ದಿನ ಕದ್ದು ತಿಂದವಳು ಈಗ ಹೆದರಿ ಬಿಟ್ಟಳು ಅಂತ ಅವರಿಗೆ ಅನ್ನಿಸಿರಬೇಕು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೈಸೂರಿನಿಂದ ಬಂದ ಹತ್ತೊಂಬತ್ತನೆಯ ದಿನ ಅವರಿಗೆ ಜ್ವರ ಬಂತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ನಂಜು ರಕ್ತಕ್ಕೆ ಏರಿದೆ ಅಂದರು. ಎರಡನೆಯ ದಿನ ಮಧ್ಯಾಹ್ನ ಸ್ವಲ್ಪ ಎಚ್ಚರವಾಗಿದ್ದರು. ಅತ್ತಿಗೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅವರ ಪಾದ ಉಜ್ಜುತ್ತಿದ್ದಳು. ಅವರು ತಲೆ ತಿರುಗಿಸಿ ಅವಳನ್ನು ನೋಡಿದರು. ಎರಡು ತಿಂಗಳಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು.

"ಊಟ ಆಯ್ತಾ ಅಕ್ಕ?" ಅಂದರು.

ಅತ್ತಿಗೆ ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವರು ಕಣ್ಣು ಮುಚ್ಚಿದರು. ಸಂಜೆ ನಾಲ್ಕು ಗಂಟೆಗೆ ಹೋಗಿಬಿಟ್ಟರು.

ಮೂರನೆಯ ದಿನ ಹಾಲು-ತುಪ್ಪ ಬಿಡಲು ಬಂದ ನೆಂಟರ ಬಾಯಲ್ಲೆಲ್ಲ ಒಂದೇ ಮಾತು. ಅಕ್ಕ ಕಿಡ್ನಿ ಕೊಡ್ತೀನಿ ಅಂತ ಒಪ್ಪಿಕೊಂಡು, ಬೇಕು ಅಂತಲೇ ತಿಂದು ತೂಕ ಏರಿಸಿಕೊಂಡಳಂತೆ. ನಮ್ಮ ದಾಯಾದಿ ಮುದ್ದಯ್ಯ ಜವರಯ್ಯನ ಮುಖಕ್ಕೇ ಅಂದುಬಿಟ್ಟ. ಅದು ಅವರಿಗೆಲ್ಲ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಸಂಕ್ರಾಂತಿ ಕಳೆದ ಮೇಲೆ ಕೋಪದಲ್ಲಿ ನಾಲ್ಕು ಮನೆಗೆ ಫೋನ್ ಮಾಡಿ ಹೇಳಿಕೊಂಡವಳು ನಾನು. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಳು. "ನನ್ ಒಟ್ಟೆನೇ ನನ್ ತಮ್ಮುನ್ನ ತಿಂದ್ಬುಡ್ತು" ಅಂತ ಅವಳೇ ಅನ್ನತೊಡಗಿದಳು. ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಹನ್ನೊಂದನೆಯ ದಿನ ತಿಥಿಗೆ ಅವಳು ಬಂದಾಗ ನೋಡಿದೆ. ರವಿಕೆಯ ತೋಳು ಸಡಿಲವಾಗಿತ್ತು, ಬಳೆ ಮೊಣಕೈ ತನಕ ಜಾರುತ್ತಿತ್ತು. ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸಿದರೆ, ಎಲೆಗೆ ಕೈ ಮುಗಿದು ಎದ್ದುಬಿಟ್ಟಳು. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಅಂತ ಆಗ ನನಗೆ ಖಾತ್ರಿಯಾಯಿತು.

ಹಿಂದೆಯೇ ಹೋಗಿ ಅವಳ ಕಾಲ ಬಳಿ ನೆಲದಲ್ಲಿ ಕೂತು ಎಲ್ಲ ಹೇಳಿದೆ. ತುಪ್ಪ, ಕಾಯಿ, ಬೀಜ, ಆ ಹುಡುಗಿ ಪೆನ್ನು ಕೆಳಗಿಟ್ಟದ್ದು, ಬೆಂಚಿನ ಹತ್ತಿರ ನಾನು ಬಾಯಿ ಮುಚ್ಚಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. "ನಿಂದೇನೂ ತಪ್ಪಿಲ್ಲ ಅತ್ಗೆ. ನೀನ್ ಕದ್ದು ಒಂದ್ ಕಾಳೂ ತಿಂದಿಲ್ಲ. ನಾನೇ ಕೈಯಾರೆ ತಿನ್ನಿಸ್ದೆ. ಒಡಿ ನನ್ನ" ಅಂದೆ. ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಒಳಗೆ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದ ಸದ್ದು ಕೇಳಿಸುತ್ತಿತ್ತು. ಆಮೇಲೆ ನನ್ನ ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿದಳು.

"ಊಟ ಆಯ್ತಾ ಅಂತ ಕೇಳಿದ್ನಲ್ಲ ಆಸ್ಪತ್ರೇಲಿ. ಆವತ್ತು ಇದು ಅವ್ನಿಗ್ ಗೊತ್ತಿತ್ತಾ ಸಿವ್ನಂಜಿ? ನೀನ್ ಏಳಿದ್ದಾ?"

ಅವಳ ಕಣ್ಣಲ್ಲಿ ಎಷ್ಟು ಆಸೆಯಿತ್ತೆಂದರೆ, ಹೌದು ಅಂದುಬಿಡೋಣ ಅನ್ನಿಸಿತು. ಆದರೆ ಇನ್ನೊಂದು ಸುಳ್ಳಿನ ಊಟ ಅವಳಿಗೆ ಬಡಿಸಲು ನನ್ನಿಂದಾಗಲಿಲ್ಲ.

"ಇಲ್ಲ ಅತ್ಗೆ. ಏಳಿರ್ನಿಲ್ಲ."

ಅವಳ ಕೈ ನನ್ನ ಗಲ್ಲದಿಂದ ಜಾರಿತು.

"ಅಂಗಾರೆ ಕಳ್ಳೀನ ಕೇಳ್ದಂಗೆ ಕೇಳವ್ನೆ" ಅಂದಳು.

ಮೈಸೂರಿನಿಂದ ಬಂದ ಮೇಲೆ ಇಪ್ಪತ್ತು ದಿನ ಅವರು ನನ್ನ ಕಣ್ಣೆದುರಿಗೇ ಇದ್ದರು. ಮಾತ್ರೆ ಕೊಡುವಾಗ, ನೀರು ಅಳೆದು ಕೊಡುವಾಗ, ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿದ್ದಾಗ, ಯಾವಾಗ ಬೇಕಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ.